ಬಲ್ಬು ಬದಲಿಸುವ ಮೊದಲು ಅರ್ತಿಂಗ್ ನೋಡಿ

ಮಾನ್ಯ ಸಂಪಾದಕರೇ,

ರಾತ್ರಿ ಹೊತ್ತು ಮಿಣುಕು ದೀಪದ ಹಳೇ ಕಾರುಗಳನ್ನು ಆಗುಂಬೆ ಘಾಟಿಗೆ ಬಿಡಲೇಬಾರದು ಎಂದು ಓದುಗರೊಬ್ಬರು ಈಚೆಗೆ ಇದೇ ಅಂಕಣದಲ್ಲಿ ಬರೆದಿದ್ದರು. ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಹೋದ ಆರಿದ್ರಾ ಮಳೆಯಲ್ಲಿ ಅಂಥದೊಂದು ಕಾರು ನಮ್ಮದೇ ಆಗಿತ್ತು. 1996ರ ಅಂಬಾಸಿಡರ್. ಆ ಕಾರು ಬರುವುದು 2014ಕ್ಕೇ ನಿಂತುಹೋಯಿತು. ನಮ್ಮ ಮನೆಯಲ್ಲಿ ಮಾತ್ರ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡು ಓಡುತ್ತಲೇ ಇದೆ.

ಶಿವಮೊಗ್ಗದಲ್ಲಿ ಮದುವೆ ಮುಗಿಸಿಕೊಂಡು ಬರುತ್ತಿದ್ದೆವು. ಗಾಡಿ ನಾನು ಓಡಿಸುತ್ತಿದ್ದೆ, ಯಜಮಾನರು ತಾಂಬೂಲದ ಚೀಲ ತಬ್ಬಿಕೊಂಡು ತೂಕಡಿಸುತ್ತಿದ್ದರು. ಮಂಡಗದ್ದೆ ದಾಟಿದ ಮೇಲೆ ಹಿಂದಿದ್ದ ಪಿಕಪ್ ಗಾಡಿಯವನು ಮುಂದೆ ಬಂದು ಕೈ ಅಡ್ಡ ಹಾಕಿದ. "ಅಮ್ಮಾ, ನೀವು ಬ್ರೇಕ್ ಒತ್ತಿದ್ರೆ ಎಡಗಡೆ ಇಂಡಿಕೇಟರ್ ಮಂಕಾಗಿ ಹತ್ಕಳತ್ತೆ, ಹಿಂದಿನ ಲೈಟು ಆರಿಹೋಗತ್ತೆ. ನೀವು ತಿರುಗ್ತೀರೋ ನಿಲ್ಲಿಸ್ತೀರೋ ಗೊತ್ತಾಗ್ದೆ ಸಾಕಾಯ್ತು ನೋಡಿ" ಅಂದ.

ಮರುದಿನ ಗ್ಯಾರೇಜಿಗೆ ಒಯ್ದೆ. ಹುಡುಗ ಬಲ್ಬು ಕಿತ್ತು, ಹೋಲ್ಡರಿಗೆ ಟೆಸ್ಟರ್ ಚುಚ್ಚಿ, "ಕರೆಂಟ್ ಬರ್ತಾ ಇದೆ ಮೇಡಂ, ಬಲ್ಬೇ ವೀಕು" ಎಂದು ಹೊಸದು ಹಾಕಿದ. ವಾರಕ್ಕೆ ಮತ್ತೆ ಅದೇ ಕಥೆ. ಎರಡನೇ ಸಲ ಹೋದಾಗ ವೈರಿಂಗ್ ಪೂರಾ ಬದಲಾಯಿಸಿ ಅಂದರು. ಹೆಡ್‌ಲೈಟು ಹಳದಿಯಾಗಿದೆ ಎಂದಿದ್ದಕ್ಕೆ 100/90 ವಾಟಿನ (ಹೈ ಬೀಮಿಗೆ 100, ಲೋ ಬೀಮಿಗೆ 90) ಬಲ್ಬು ಹಾಕಿಸಿ ಎಂಬ ಸಲಹೆ. ಮೂರನೇ ಸಲಕ್ಕೆ, "ಗುಜರಿಗೆ ಕೊಟ್ಬಿಡಿ ಮೇಡಂ."

ತಡೆಯಲ್ಲಿ ಇಳಿಯುವ ವೋಲ್ಟೇಜು ಅಲ್ಲಿ ಹರಿಯುವ ಕರೆಂಟಿಗೆ ತಕ್ಕಂತೆ ಎನ್ನುವ ಓಮನ ನಿಯಮವನ್ನು ಇಪ್ಪತ್ತೆಂಟು ವರ್ಷ ಹತ್ತನೇ ತರಗತಿಗೆ ಪಾಠ ಮಾಡಿದವಳು ನಾನು. ಪರೀಕ್ಷೆಗೆ ಬರುವ ಪ್ರಶ್ನೆ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇ ಹೊರತು ನನ್ನ ಕಾರಿಗೂ ಅದು ಅನ್ವಯಿಸುತ್ತದೆ ಎಂದು ಹೊಳೆದೇ ಇರಲಿಲ್ಲ. ಬಲ್ಬು ಕಿತ್ತಿಟ್ಟು ಅಳೆದರೆ ಕರೆಂಟೇ ಹರಿಯುವುದಿಲ್ಲ. ಹರಿಯದಿದ್ದ ಮೇಲೆ ತುಕ್ಕು ಹಿಡಿದ ಜಾಗದಲ್ಲಿ ವೋಲ್ಟೇಜು ಇಳಿಯುವುದೆಲ್ಲಿಂದ? ಮೀಟರು ಪೂರ್ತಿ 12 ತೋರಿಸುತ್ತದೆ. ದೀಪ ಉರಿಯುತ್ತಿರುವಾಗಲೇ ಅಳೆಯಬೇಕು.

ಕಾರಿನಲ್ಲಿ ಬ್ಯಾಟರಿಯ ಮೈನಸ್ ತಂತಿ ಗಾಡಿಯ ತಗಡಿನ ಮೈಗೆ, ಅಂದರೆ ಬಾಡಿಗೆ, ಕಚ್ಚಿರುತ್ತದೆ. ಪ್ರತಿ ದೀಪದಿಂದ ಕರೆಂಟು ವಾಪಸ್ ಹೋಗುವ ದಾರಿ ಆ ಬಾಡಿಯೇ. ಕಾರಿನಲ್ಲಿ ಅರ್ತಿಂಗ್ ಎಂದರೆ ದೀಪ ಹೀಗೆ ಬಾಡಿಗೆ ಕೂಡುವ ಜಾಗ. ನಮ್ಮ ಗಾಡಿಯಲ್ಲಿ ಹಿಂದಿನ ದೀಪದ ತಗಡಿನ ಗೂಡು ಮಡ್‌ಗಾರ್ಡಿಗೆ ಸ್ಕ್ರೂನಿಂದ ಕೂತಿದೆ, ಆ ಸ್ಕ್ರೂಗಳೇ ಅದರ ಅರ್ತಿಂಗ್. 2021ರಲ್ಲಿ ಆರ್‌ಸಿ ನವೀಕರಣಕ್ಕೆ ಮೊದಲು ಪೇಂಟಿಂಗ್ ಮಾಡಿಸಿದ್ದೆವು. ಸ್ಕ್ರೂ ಬಿಚ್ಚಿ ನೋಡಿದರೆ ಅಡಿಯಲ್ಲಿ ಬಣ್ಣದ ಪದರ, ಅದರ ಸುತ್ತ ನಮ್ಮ ಮಳೆಗಾಲಗಳು ಕಟ್ಟಿಕೊಟ್ಟ ತುಕ್ಕು. ಬಿಸಿಲಿನ ದಿನ ಆರ್‌ಟಿಒ ಇನ್‌ಸ್ಪೆಕ್ಟರ್ ನೋಡಿದಾಗ ಎಲ್ಲ ದೀಪ ಸರಿಯಾಗೇ ಉರಿದಿದ್ದವು.

ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಸಿಗಾಲುವೆ ಕಟ್ಟಿಕೊಂಡರೆ ನೀರು ಪಕ್ಕದ ಮರಗಳ ಸಾಲಿಗೆ ನುಗ್ಗುತ್ತದೆ. ಎಡಗಡೆಯ ಬ್ರೇಕ್ ದೀಪದ ಕರೆಂಟಿಗೆ ಬಾಡಿಯ ದಾರಿ ಮುಚ್ಚಿತ್ತು. ಅದು ಅದೇ ಗೂಡಿನಲ್ಲಿದ್ದ ಇಂಡಿಕೇಟರ್ ಬಲ್ಬಿನೊಳಗೆ ನುಗ್ಗಿ, ಆ ವೈರು ಹಿಡಿದು ಮುಂದಿನ ಇಂಡಿಕೇಟರಿಗೆ ಹೋಗಿ, ಅಲ್ಲಿ ಬಾಡಿ ಸೇರುತ್ತಿತ್ತು. ಪಿಕಪ್‌ನವನು ಕಂಡಿದ್ದು ಇದನ್ನೇ. ಒಂದು ದೀಪ ಹಾಕಿದರೆ ಸಂಬಂಧವಿಲ್ಲದ ಇನ್ನೊಂದು ಮಿಣುಕಿದರೆ ಬಲ್ಬನ್ನು ಬೈಯಬೇಡಿ, ಅರ್ತಿಂಗ್ ಹುಡುಕಿ. ಮೀಟರೂ ಬೇಕಿಲ್ಲ. ಒಂದು ಉದ್ದ ವೈರಿನ ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ದೀಪದ ಗೂಡಿನ ತಗಡಿಗೆ ಹಿಡಿಯಿರಿ. ದೀಪ ಒಮ್ಮೆಲೇ ಸರಿಯಾದರೆ ರೋಗ ಸಿಕ್ಕಿತು. ಪ್ಲಸ್ಸಿನಿಂದ ಮಾತ್ರ ಹೀಗೆ ಬರಿಯ ವೈರು ಎಳೆಯಬೇಡಿ, ಎಲ್ಲಾದರೂ ಬಾಡಿಗೆ ತಾಗಿದರೆ ವೈರೇ ಹೊತ್ತಿಕೊಳ್ಳುತ್ತದೆ.

ಸ್ಕ್ರೂ ಬಿಚ್ಚಿ, ಮರಳು ಕಾಗದದಿಂದ ತಗಡು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ ಮೇಲೆ ವ್ಯಾಸಲೀನ್ ಸವರಿದೆ. ಖರ್ಚು ಮರಳು ಕಾಗದದ್ದು ಮಾತ್ರ.

ಹೆಡ್‌ಲೈಟಿಗೆ ಮೀಟರು ಹಿಡಿದೆ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.9 ವೋಲ್ಟು, ಉರಿಯುವ ಬಲ್ಬಿನ ಪಿನ್ನುಗಳಲ್ಲಿ 11.4. ನಡುವೆ ಎರಡೂವರೆ ವೋಲ್ಟು ಎಲ್ಲಿ ಹೋಯಿತು? ಬಲ್ಬಿನ ಅರ್ತ್ ಪಿನ್ನಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ 1.7, ಉಳಿದ 0.8 ಸವೆದ ಸ್ವಿಚ್ಚು ಮತ್ತು ಫ್ಯೂಸ್ ಹಿಡಿಗಳಲ್ಲಿ. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಈ ಬಲ್ಬಿನ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಲೆಕ್ಕ ಹಾಕಿದರೆ ನಾವು ಮಂಡಗದ್ದೆ ಕಾಡಿನಲ್ಲಿ ಹೆಚ್ಚುಕಡಿಮೆ ಅರ್ಧ ಬೆಳಕಿನಲ್ಲಿ ಬಂದಿದ್ದೆವು. ರೇಡಿಯೇಟರ್ ಪಕ್ಕದ ಅರ್ತ್ ಬೋಲ್ಟು ಉಜ್ಜಿದ ಮೇಲೆ ಅಲ್ಲಿಯ ನಷ್ಟ 0.1ಕ್ಕೆ ಇಳಿಯಿತು. ಅದೇ ಹಳೇ 60/55 ವಾಟಿನ ಬಲ್ಬು ಈಗ ಬೆಳ್ಳಗೆ ಉರಿಯುತ್ತಿದೆ. ಸ್ವಿಚ್ಚಿನ ಹೊರೆ ತಪ್ಪಿಸಲು ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹೊತ್ತಿಸಿ ಆರಿಸುವ ಸಾಧನ) ಹಾಕಿಸಬೇಕು, ದೀಪಾವಳಿ ಕಳೆಯಲಿ ಎಂದಿದ್ದಾರೆ ಯಜಮಾನರು.

ಗ್ಯಾರೇಜಿನವರ ಮಾತು ಕೇಳಿ 100 ವಾಟಿನದು ಹಾಕಿಸಿದ್ದರೆ? ಎರಡು ಬಲ್ಬಿಗೆ ಹತ್ತು ಆಂಪಿಯರ್ ಹೊರುತ್ತಿದ್ದ ಹಳೇ ವೈರಿನ ಮೇಲೆ ಹದಿನಾರು ಹದಿನೇಳು ಬೀಳುತ್ತಿತ್ತು. ಹೋಲ್ಡರ್ ಕರಗುತ್ತದೆ, ಫ್ಯೂಸು ಹಾರುತ್ತದೆ, ಹಾರಿದ ಫ್ಯೂಸಿಗೆ ಯಾರೋ ತಾಮ್ರದ ತಂತಿ ಸುತ್ತಿ ಕಳಿಸುತ್ತಾರೆ. ಆಮೇಲೆ ವೈರೇ ಫ್ಯೂಸು. ಹಳೇ ಗೂಡಿಗೆ ಬಿಳೀ ಎಲ್‌ಇಡಿ ತುರುಕುವವರದು ಇನ್ನೊಂದು ಬಗೆ. ಆ ಗೂಡಿನ ಕನ್ನಡಿ ಹ್ಯಾಲೊಜನ್ ತಂತಿಯ ಜಾಗಕ್ಕೆ ಅಳೆದು ಮಾಡಿದ್ದು, ಅದರಲ್ಲಿ ಎಲ್‌ಇಡಿ ಬೆಳಕು ಚೆದರಿ ಎದುರಿನವರ ಕಣ್ಣಿಗೆ ಬೀಳುತ್ತದೆ. ಆಗುಂಬೆಯ ಮಂಜಿನಲ್ಲಾದರೆ ತಿರುಗಿ ಹಾಕಿದವರ ಕಣ್ಣಿಗೇ ರಾಚುತ್ತದೆ. ಪತ್ರ ಬರೆದ ಓದುಗರು ಅವರ ಮೇಲೂ ನಾಲ್ಕು ಸಾಲು ಬರೆಯಬಹುದಿತ್ತು.

ನನ್ನದೊಂದು ವಿನಂತಿ. ನಮ್ಮ ತಾಲ್ಲೂಕುಗಳ ಐಟಿಐಗಳಲ್ಲಿ ಮಕ್ಕಳು ಇದೇ ವಿದ್ಯೆ ಕಲಿಯುತ್ತಿದ್ದಾರೆ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಂಜೆ ಅವರನ್ನು ಮೀಟರು, ಮರಳು ಕಾಗದ ಕೊಟ್ಟು ನಿಲ್ಲಿಸಲಿ. ಬಂದ ಗಾಡಿಗಳ ದೀಪ ಹೊತ್ತಿಸಿ, ಬ್ರೇಕ್ ಒತ್ತಿಸಿ ನೋಡಲಿ. ಒಂದು ಗಾಡಿಗೆ ಐದು ನಿಮಿಷ ಸಾಕು. ಬೇಕಿದ್ದರೆ ನಾನೂ ಬಂದು ನಿಲ್ಲುತ್ತೇನೆ.

ಆ ಪಿಕಪ್ ಚಾಲಕರ ಹೆಸರು ಕೇಳಿಕೊಳ್ಳಲಿಲ್ಲ. ಅವರು ಇದನ್ನು ಓದಿದರೆ, ನಮ್ಮ ಗಾಡಿ ಈಗ ಎಡಕ್ಕೆ ತಿರುಗುವಾಗ ಮಾತ್ರ ಎಡ ಇಂಡಿಕೇಟರ್ ಹಾಕುತ್ತದೆ.

— ನಿವೃತ್ತ ವಿಜ್ಞಾನ ಶಿಕ್ಷಕಿ, ತೀರ್ಥಹಳ್ಳಿ