ನಲವತ್ತು ಗಂಟೆ ಖಾಲಿಯಿದ್ದ ಸೀಟು

ಕಳೆದ ಭಾನುವಾರ ಬೆಳಿಗ್ಗೆ ನನ್ನ ವಿಮಾನದ ಲಾಗ್ ಪುಸ್ತಕದಲ್ಲಿ 40ನೇ ಗಂಟೆಯನ್ನು ಬರೆದೆ. ಮನೆಯ ಗ್ಯಾರೇಜಿನಲ್ಲಿ ನಾನೇ ಕಟ್ಟಿದ, ಎರಡು ಸೀಟಿನ ಆರ್‌ವಿ-7 ಅದು. ಮೂಗಿನಲ್ಲಿರುವುದು ಮಾತ್ರ ವಿಮಾನದ ಇಂಜಿನ್ ಅಲ್ಲ, ಮಜ್ದಾ ಆರ್‌ಎಕ್ಸ್-7 ಕಾರಿನ 13ಬಿ ರೋಟರಿ ಇಂಜಿನ್; ಪಿಸ್ಟನ್ ಬದಲು ಮೂರು ಮುಖದ ರೋಟರ್ ತಿರುಗುವಂಥದ್ದು. ಇಲ್ಲಿ ಅಮೆರಿಕದಲ್ಲಿ ಸ್ವಂತ ಕಟ್ಟಿದ ವಿಮಾನಕ್ಕೆ ಕಾರಿನ ಇಂಜಿನ್ ಕೂರಿಸಿದರೆ ಸಾಮಾನ್ಯವಾಗಿ 40 ಗಂಟೆಯ ಪರೀಕ್ಷಾ ಹಾರಾಟ ಮಾಡಬೇಕು. ಅದು ಮುಗಿಯುವವರೆಗೆ ಗೊತ್ತುಪಡಿಸಿದ ಪ್ರದೇಶ ದಾಟುವಂತಿಲ್ಲ, ಯಾರನ್ನೂ ಸುಮ್ಮನೆ ಜೊತೆಗೆ ಕೂರಿಸಿಕೊಳ್ಳುವಂತಿಲ್ಲ. ಹಾಗಾಗಿ ಬಲಗಡೆಯ ಸೀಟು ಇಷ್ಟು ದಿನ ಖಾಲಿ. ಆ ಸೀಟಿನ ಮೇಲೆ ಹಕ್ಕಿರುವವರನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ.

ಹೋದ ಆಗಸ್ಟಿನಲ್ಲಿ, 31ನೇ ಗಂಟೆಯಲ್ಲಿ, ಟೆಕ್ಸಸ್‌ನ ಸುಡುಬಿಸಿಲಿನ ಮೇಲೆ ಮೂರು ಸಾವಿರ ಅಡಿಯಲ್ಲಿದ್ದಾಗ ಇಂಜಿನ್ನನ್ನು ತಣ್ಣಗಿಡುವ ನೀರಿನ (ಕೂಲಂಟ್) ಬಿಸಿ ಏರತೊಡಗಿತು. ಹೊರಳಿ ಏರ್‌ಪೋರ್ಟಿನ ಕಡೆ ಮುಖ ಮಾಡುವಷ್ಟರಲ್ಲಿ ಮುಳ್ಳು ಕೆಂಪು ಗೆರೆ ದಾಟಿತ್ತು. ಟವರ್‌ನಲ್ಲಿದ್ದ ಹೆಣ್ಣುಮಗಳು, ನಿಮ್ಮ ಹಿಂದೆ ಬಿಳಿ ಹೊಗೆ ಕಾಣುತ್ತಿದೆ, ಯಾವ ರನ್‌ವೇ ಬೇಕೋ ಅದು ನಿಮ್ಮದು ಎಂದು ನಿಧಾನವಾಗಿ ಹೇಳಿದರು. ಅವರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ. ಆದರೆ ಆ ಧ್ವನಿಯ ಸಮಾಧಾನ ನನ್ನ ಕೈನಡುಕವನ್ನು ಹಿಡಿದು ನಿಲ್ಲಿಸಿತು. ಮೊದಲ ನಮಸ್ಕಾರ ಅವರಿಗೆ.

ಎರಡನೆಯದು ಆ ಇಂಜಿನ್‌ಗೇ ಸಲ್ಲಬೇಕು. ಇದರ ರೋಟರ್‌ಗಳು ಬೀಡುಕಬ್ಬಿಣದವು, ಅವು ತಿರುಗುವ ಗೂಡು ಅಲ್ಯೂಮಿನಿಯಂ. ಅತಿಯಾಗಿ ಕಾದಾಗ ಗೂಡೇ ಹೆಚ್ಚು ಹಿಗ್ಗುತ್ತದೆ, ರೋಟರ್ ಕಚ್ಚಿಕೊಂಡು ನಿಲ್ಲುವ ಸಂಭವ ಕಡಿಮೆ. ನನ್ನದೂ ಶಕ್ತಿ ಕಳೆದುಕೊಳ್ಳುತ್ತ ಹೋಯಿತೇ ಹೊರತು ಚಕ್ರ ನೆಲ ಮುಟ್ಟುವವರೆಗೆ ನಿಲ್ಲಲಿಲ್ಲ.

ಬಿಚ್ಚಿ ನೋಡಿದಾಗ ಕಾರಣ ಕಣ್ಣೆದುರೇ ಇತ್ತು. 13ಬಿ ಇಂಜಿನ್ ಅಂದರೆ ಮೂರು ಕಬ್ಬಿಣದ ಪ್ಲೇಟು, ಅವುಗಳ ನಡುವೆ ಎರಡು ಅಲ್ಯೂಮಿನಿಯಂ ಗೂಡು, ಎಲ್ಲವನ್ನೂ ಒತ್ತಿ ಹಿಡಿದಿರುವ 18 ಉದ್ದನೆಯ ಬೋಲ್ಟು. ಬೆಂಕಿಗೂ ನೀರಿಗೂ ನಡುವೆ ಇರುವುದು ಒಂದು ರಬ್ಬರ್ ರಿಂಗ್. ಮಧ್ಯದ ಪ್ಲೇಟಿನಲ್ಲಿ ಆ ರಿಂಗ್ ಕೂರುವ ತೋಡಿನ ತೆಳು ಅಂಚು ತುಕ್ಕು ತಿಂದು ಮುರಿದುಬಿದ್ದಿತ್ತು. ಮೊದಲ ಸಲ ಕೂಡಿಸುವಾಗಲೇ ಅಲ್ಲಿ ಕೆಂಪಗೆ ಸಣ್ಣ ಗುಳಿ ಕಂಡಿತ್ತು. ಉಜ್ಜಿ ಒರೆಸಿ, ಇಷ್ಟು ಸಾಕು ಅಂದುಕೊಂಡಿದ್ದೆ. ತಪ್ಪು ಪೂರ್ತಿ ನನ್ನದು.

ಆಮೇಲೆ ಆರು ವಾರ ನಾನು ಹ್ಯಾಂಗರ್ ಬಾಗಿಲು ತೆಗೆಯಲಿಲ್ಲ. ಮಾರಿಬಿಡುತ್ತೇನೆ ಎಂದಾಗ ಹೆಂಡತಿ ಹೇಳಿದ್ದು ಇಷ್ಟೇ: "ಮಾರೋದಾದ್ರೆ ಮಾರಿ. ಆದ್ರೆ ಹೀಗೆ ಬಿಚ್ಚಿ ಗುಡ್ಡೆ ಹಾಕಿರೋದನ್ನ ಮಾರ್ಬೇಡಿ. ಕೂಡ್ಸಿ, ಒಂದ್ಸಲ ಹಾರ್ಸಿ, ಆಮೇಲೆ ಮಾರಿ." ಆ ಮಾತಿಲ್ಲದಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಪಕ್ಕದ ಹ್ಯಾಂಗರಿನ ಹಿರಿಯರಿಗೆ ಈಗ 78. ಜೀವನವಿಡೀ ಪಿಸ್ಟನ್ ಇಂಜಿನ್ ಬಿಚ್ಚಿ ಕೂಡಿಸಿದ ಮೆಕ್ಯಾನಿಕ್. ರೋಟರಿ ತನಗೆ ಗೊತ್ತಿಲ್ಲ ಎಂದು ಮೊದಲೇ ಹೇಳಿದವರು, ಮರುದಿನ ಮಜ್ದಾದ ವರ್ಕ್‌ಶಾಪ್ ಪುಸ್ತಕವನ್ನು ಗುರುತು ಹಾಕಿಕೊಂಡು ಓದುತ್ತ ಕೂತಿದ್ದರು. ಶಾಫ್ಟಿನ ಹಿಂದುಮುಂದಿನ ಆಟ 0.04ರಿಂದ 0.07 ಮಿಲಿಮೀಟರ್ ಒಳಗಿರಬೇಕು. ನಾನು ಅಳೆದಾಗ 0.08 ಬಂತು. ಸವೆತದ ಮಿತಿ 0.09 ಇದೆಯಲ್ಲ, ನಡೆಯುತ್ತೆ ಎಂದೆ. ಅವರು ಮಾತಾಡಲಿಲ್ಲ. ಎದ್ದು ಹೋಗಿ ಆ ಮುರಿದ ಪ್ಲೇಟನ್ನು ತಂದು ನನ್ನ ಮುಂದೆ ಇಟ್ಟರು. ಸ್ಪೇಸರ್ ಬದಲಿಸಿ 0.05ಕ್ಕೆ ತಂದ ಮೇಲೆಯೇ ಮನೆಗೆ ಹೋದೆವು. ಹನ್ನೊಂದು ಗಂಟೆಯಾಗಿತ್ತು.

ಬೇರೆ ಪ್ಲೇಟ್ ಕೊಟ್ಟವರು ರೇಸಿಗೆ ಆರ್‌ಎಕ್ಸ್-7 ಓಡಿಸುವ ಒಬ್ಬ ಗೆಳೆಯ. ದುಡ್ಡು ಬೇಡ, ನಿನ್ನ ಹಳೇ ಪ್ಲೇಟ್ ಕೊಡು ಎಂದರು. ಹೊಸಬರಿಗೆ ತೋರಿಸಲು ಈಗ ಅದನ್ನು ತಮ್ಮ ಶೆಡ್ಡಿನ ಗೋಡೆಗೆ ತೂಗುಹಾಕಿದ್ದಾರೆ. ಶಾಫ್ಟಿನ ಮುಂತುದಿಯ ಬೋಲ್ಟ್ ಬಿಗಿಯುವಾಗ ಇಂಜಿನ್ನಿನ ಮುಂಭಾಗ ಮೇಲ್ಮುಖವಾಗಿಯೇ ಇರಬೇಕು, ಇಲ್ಲವಾದರೆ ಒಳಗಿನ ಸೂಜಿ ಬೇರಿಂಗ್ ಜಾರಿ ಜಜ್ಜಿಹೋಗುತ್ತದೆ ಎಂದು ಹೇಳಲೆಂದೇ ರಾತ್ರಿ ಹತ್ತಕ್ಕೆ ಫೋನ್ ಮಾಡಿದವರೂ ಇವರೇ. ಆರ್‌ವಿ-4 ವಿಮಾನದಲ್ಲಿ ವರ್ಷಗಟ್ಟಲೆ 13ಬಿ ಹಾರಿಸಿ, ಇದಕ್ಕೊಂದು ಗೇರ್‌ಬಾಕ್ಸನ್ನೂ ಮಾಡಿಕೊಟ್ಟ ಟ್ರೇಸಿ ಕ್ರುಕ್ ಅವರನ್ನು ನೆನೆಯದಿದ್ದರೆ ತಪ್ಪಾದೀತು. ಅವರಂಥವರು ತುಳಿದ ದಾರಿಯಲ್ಲೇ ನಾನು ನಡೆದದ್ದು.

ಇನ್ನು ಮಗಳು. ಹನ್ನೆರಡು ವರ್ಷ. ಅನಿಲ ಸೋರದಂತೆ ರೋಟರ್‌ನ ಅಂಚಿಗೆ ಕೂರಿಸುವ ಸಣ್ಣ ತುಂಡುಗಳೇ ಸೀಲ್. ಎರಡು ರೋಟರ್‌ಗೆ 6 ಏಪೆಕ್ಸ್ ಸೀಲ್, 12 ಕಾರ್ನರ್ ಸೀಲ್, 12 ಸೈಡ್ ಸೀಲ್, ಒಂದೊಂದರ ಕೆಳಗೂ ಸ್ಪ್ರಿಂಗ್. ಯಾವುದು ಯಾವ ಮೂಲೆಯದು ಎಂಬುದು ತಪ್ಪುವಂತಿಲ್ಲ. ಅವಳು ಅಡುಗೆಮನೆಯಿಂದ ಇಡ್ಲಿ ತಟ್ಟೆ ತಂದಳು. ತಟ್ಟೆಗೆ ನಾಲ್ಕು ಗುಳಿ, ಮೂರು ತಟ್ಟೆಗೆ ಹನ್ನೆರಡು. ಪ್ರತಿ ಗುಳಿಯಲ್ಲೂ ಒಂದು ಕಾರ್ನರ್ ಸೀಲ್, ಪಕ್ಕದಲ್ಲಿ ಅವಳ ಕೈಬರಹದ ಚೀಟಿ. ನಾನು ಸೈಡ್ ಸೀಲಿನ ತುದಿಯನ್ನು ಅರದಿಂದ ಒಂದೆರಡು ಸಲ ಉಜ್ಜುವುದು, ಅವಳು ಸಂದು ಅಳೆಯುವ ತೆಳು ಪಟ್ಟಿ (ಫೀಲರ್ ಗೇಜ್) ತೂರಿಸಿ "ಇನ್ನೂ ಬಿಗಿ ಅಪ್ಪಾ" ಅನ್ನುವುದು, ಹನ್ನೆರಡಕ್ಕೂ ಹೀಗೇ. ಕೂಡಿಸುವಾಗ ಸೀಲ್‌ಗಳು ಉದುರದಂತೆ ವ್ಯಾಸಲೀನ್ ಹಚ್ಚಿದ್ದೂ ಅವಳ ಬೆರಳೇ. ಆ ತಟ್ಟೆಗಳು ಅಡುಗೆಗೆ ವಾಪಸ್ ಹೋಗಲಿಲ್ಲ, ಹೊಸವು ಬಂದಿವೆ.

ಮಾರ್ಚ್‌ನಲ್ಲಿ ಪ್ಲಗ್ ಬಿಚ್ಚಿಟ್ಟು ಪ್ರೊಪೆಲರನ್ನು ಕೈಯಿಂದ ತಿರುಗಿಸಿದೆವು. ಫುಸ್, ಫುಸ್, ಫುಸ್. ರೋಟರಿನ ಮೂರು ಮುಖಕ್ಕೆ ಮೂರು ಉಸಿರು, ಮೂರೂ ಒಂದೇ ಸಮ. ಹಿರಿಯರು ಕಣ್ಣು ಮುಚ್ಚಿ ಕೇಳಿ, ಇನ್ನೊಂದು ಸಲ ತಿರುಗಿಸು ಎಂದರು.

ಉಳಿದ ಒಂಬತ್ತು ಗಂಟೆಯಲ್ಲಿ ಬರೆಯುವಂಥದ್ದೇನೂ ನಡೆಯಲಿಲ್ಲ. ಅದಕ್ಕಿಂತ ಹೆಚ್ಚಿನದನ್ನು ನಾನು ಬೇಡಿರಲೂ ಇಲ್ಲ.

ಸುದ್ದಿ ಹೇಳಲು ಫೋನ್ ಮಾಡಿದಾಗ ತುಮಕೂರಿನಿಂದ ಅಮ್ಮ ಕೇಳಿದರು: "ಮೊದ್ಲು ಯಾರನ್ನ ಕೂರಿಸ್ಕೋತೀಯಪ್ಪ?" ಉತ್ತರ ಮಗಳ ಬಳಿ ಸಿದ್ಧವಿತ್ತು. ಅವಳು ಬರೆದಿಟ್ಟ ಪಟ್ಟಿಯಲ್ಲಿ ಅವಳ ಹೆಸರು ಮೂರನೆಯದು, ಅವಳಮ್ಮನದು ಎರಡನೆಯದು. ಬರುವ ಶನಿವಾರ ಬೆಳಿಗ್ಗೆ ಏಳಕ್ಕೆ, ಬಿಸಿಲೇರುವ ಮೊದಲು ಹೊರಡುತ್ತೇವೆ. ಹಿರಿಯರ ಮಂಡಿ ಚೆನ್ನಾಗಿಲ್ಲ. ರೆಕ್ಕೆ ಹತ್ತಲು ಅವರಿಗೆಂದು ಮರದ ಒಂದು ಮೆಟ್ಟಿಲು ಮಾಡಿಟ್ಟಿದ್ದೇನೆ.