ಕಸದ ಬುಟ್ಟಿಯ ಹೊಗೆ

ಪ್ರೀತಿಯ ಪುಟ್ಟಿ,

ನಾಲ್ಕು ಪುಟದ ನಿನ್ನ ಪತ್ರದಲ್ಲಿ ಒಂದೇ ಸಾಲು ಮನಸ್ಸಲ್ಲಿ ಕೂತುಬಿಟ್ಟಿದೆ. ರಾತ್ರಿ ಲ್ಯಾಬಿನಲ್ಲಿ ಒಬ್ಬಳೇ ಇದ್ದೆ, ನಿಕ್ಕೆಲ್ ಸೋಸಿದ ಫಿಲ್ಟರ್ ಪೇಪರ್ ಹಾಕಿದ್ದ ಕಸದ ಬುಟ್ಟಿಯಲ್ಲಿ ಹೊಗೆ ಬಂತು, ನೀರು ಸುರಿದೆ, ಯಾರಿಗೂ ಹೇಳಿಲ್ಲ ಮಾಮ ಅಂತ ಬರೆದಿದ್ದೀಯ. ಹೇಳಿದರೆ ರಾತ್ರಿ ಕೆಲಸಕ್ಕೆ ಬಿಡಲ್ಲ ಅನ್ನೋದು ನಿನ್ನ ಭಯ. ನನಗೆ ಆ ಹೊಗೆಯದೇ ಭಯ.

ಮೆಕ್ಕೆಜೋಳದ ಕಾಳು ಬಿಡಿಸಿ ಎಸೆಯುವ ತೆನೆಯಿಂದ ಝೈಲೋಸ್ ಅನ್ನೋ ಸಕ್ಕರೆ ತೆಗೆದು, ಅದಕ್ಕೆ ಹೈಡ್ರೋಜನ್ ಸೇರಿಸಿ ಝೈಲಿಟಾಲ್ ಅನ್ನೋ ಸಿಹಿ ಮಾಡ್ತಿದ್ದೀಯ. ಓದಿ ಖುಷಿಯಾಯ್ತು. ನಾವು ಫ್ಯಾಕ್ಟರಿಯಲ್ಲಿ ಗ್ಲೂಕೋಸಿನಿಂದ ಅಂಥದ್ದೇ ಇನ್ನೊಂದು ಸಿಹಿ, ಸಾರ್ಬಿಟಾಲ್ ಮಾಡುತ್ತಿದ್ದೆವು. ಆದರೆ ಆ ಕ್ರಿಯೆಯನ್ನು ಬೇಗ ಮಾಡಿಸುವ ನಿಕ್ಕೆಲ್ ಅದೇ, ಮರ್ರೆ ರೇನಿ 1927ರಲ್ಲಿ ಪೇಟೆಂಟ್ ತಗೊಂಡ ನಿಕ್ಕೆಲ್. ನಿಕ್ಕೆಲ್-ಅಲ್ಯೂಮಿನಿಯಂ ಮಿಶ್ರಲೋಹದಿಂದ ಕಾಸ್ಟಿಕ್ ಸೋಡಾದಲ್ಲಿ ಅಲ್ಯೂಮಿನಿಯಂ ಕರಗಿ ಹೋಗಿ ಉಳಿಯುವ ಸ್ಪಂಜು. ಒಂದು ಗ್ರಾಂ ಬಿಡಿಸಿ ಹಾಸಿದರೆ ಸುಮಾರು 100 ಚದರ ಮೀಟರ್. ಅದರ ತುಂಬ ಹೈಡ್ರೋಜನ್. ಅದಕ್ಕೇ ಅಷ್ಟು ಚುರುಕು, ಅದಕ್ಕೇ ಗಾಳಿ ತಾಗಿದರೆ ಹತ್ತಿಕೊಳ್ಳೋದು.

ಒದ್ದೆ ಇದ್ದಾಗ ಮಸಿ ಕಲಸಿದ ಹಾಗೆ ಸುಮ್ನೆ ಕೂತಿರುತ್ತೆ. ಮೊದಲು ಅಂಚು ಒಣಗಿ ಬೂದು ಬಣ್ಣಕ್ಕೆ ತಿರುಗುತ್ತೆ. ಆಮೇಲೆ ಊದುಬತ್ತಿ ತುದಿಯಂಥ ಕೆಂಪು ಚುಕ್ಕೆಗಳು.

ಆ ಚುಕ್ಕೆಗಳನ್ನು ನಾನೇ ನೋಡಿದ್ದೆ, ಪುಟ್ಟಿ. ಚೆಲ್ಲಿದ ನಿಕ್ಕೆಲ್ ಒರೆಸಿದ ಬನಿಯನ್ ವೇಸ್ಟು, ಅಂದರೆ ಬಟ್ಟೆ ಚೂರು, ಫ್ಯಾಕ್ಟರಿಯ ಮೂಲೆಯಲ್ಲಿ ಹೊಗೆಯಾಡುತ್ತಿತ್ತು. ನೀರು ಹಾಕಿದೆ. ಶಿಫ್ಟಿನ ಪುಸ್ತಕದಲ್ಲಿ ಬರೆಯಲಿಲ್ಲ, ಬೈತಾರೆ ಅಂತ. ಮುಂದಿನ ವಾರ ಅದೇ ಮೂಲೆಯಲ್ಲಿ ಅಂಥದ್ದೇ ಬಟ್ಟೆಯನ್ನು ಒಬ್ಬ ಹುಡುಗ ಬರಿಗೈಯಲ್ಲಿ ಎತ್ತಿದ. ಅಂಗೈಯಿಂದ ಮಣಿಕಟ್ಟಿನವರೆಗೆ ಸುಟ್ಟಿತು. ಎರಡು ತಿಂಗಳು ಅವನ ತಾಯಿ ತುತ್ತು ಮಾಡಿ ತಿನ್ನಿಸಿದಳು. ನಾನು ಒಂದು ಸಾಲು ಬರೆದಿದ್ದರೆ ಅಲ್ಲೊಂದು ನೀರಿನ ಡಬ್ಬ ಬಂದಿರುತ್ತಿತ್ತು. ಅವನ ಮನೆಗೆ ಹೋಗಿದ್ದೆ, ಇದನ್ನು ಮಾತ್ರ ಹೇಳಲು ಬಾಯಿ ಬರಲಿಲ್ಲ.

ನಿನಗೆ ಹೇಳಿಕೊಡುವಷ್ಟು ಓದಿದವನಲ್ಲ ನಾನು, ಬೇಜಾರು ಮಾಡ್ಕೋಬೇಡ. ನಿಕ್ಕೆಲ್ ಸೋಸುವಾಗ ಪಂಪ್ ಹಚ್ಚಿ ಪೂರ್ತಿ ಒಣಗುವವರೆಗೆ ಎಳೀಬೇಡ, ಮೇಲೆ ನೀರು ನಿಂತಿರಲಿ. ಬಳಸಿದ ಪೇಪರ್ ನೀರಿರುವ ಬೇರೆ ಡಬ್ಬಕ್ಕೆ ಹೋಗಲಿ, ಮುಚ್ಚಳ ಬಿಗಿ ಮಾಡಬೇಡ, ಗ್ಯಾಸ್ ಕಟ್ಟುತ್ತೆ. ಮೆಥನಾಲ್ ಬಾಟಲಿ ಆ ಮೇಜಿನ ಮೇಲೆ ಇದೆಯಾ? ತೆಗೆದಿಡು, ಕಿಡಿ ತಾಗಿದರೆ ಹೊತ್ತಿ ಉರಿಯುತ್ತೆ. ನಿಕ್ಕೆಲ್ ಬಿಟ್ಟು ಕಾರ್ಬನ್ ಮೇಲೆ ಕೂರಿಸಿದ ರುಥೇನಿಯಂ ಲೋಹಕ್ಕೆ ಬದಲಾಯಿಸಿದರೆ ಚಿಂತೆ ಇಲ್ಲ ಅಂದಿದ್ದೀಯ. ಹೈಡ್ರೋಜನ್ ಕಂಡ ಮೇಲೆ ಒಣಗಿದರೆ ಅದೂ ಹತ್ತಿಕೊಳ್ಳಬಹುದು ಕಣೇ.

ರಾತ್ರಿ ಕೆಲಸ ತಪ್ಪಿ ಆರು ತಿಂಗಳು ಜಾಸ್ತಿ ಆದರೆ ಆಗಲಿ. ನಿಮ್ಮ ಅಮ್ಮನಿಗೆ ನಾನು ಹೇಳ್ತೀನಿ. ನೀನು ನಿನ್ನ ಗೈಡಿಗೆ ಹೇಳು. ನಾಳೇನೇ ಹೇಳು. ಇನ್ನೊಬ್ಬರು ಅದೇ ಬುಟ್ಟಿಗೆ ಕೈ ಹಾಕ್ತಾರೆ, ಅಲ್ವಾ?

ಮುಂದಿನ ಪತ್ರದಲ್ಲಿ ರಿಸಲ್ಟ್ ಬರೀದಿದ್ದರೂ ಪರವಾಗಿಲ್ಲ. ಆ ಬುಟ್ಟಿ ಈಗ ಎಲ್ಲಿದೆ, ಅದನ್ನ ಬರಿ.

ನಿನ್ನ ಮಾಮ