ಗೇಮ್ ಟಾಪ್‌ಅಪ್ ಇನ್ನು ನಿಮ್ಮ ಖಾತೆಯಿಂದಲೇ: ಗುಬ್ಬಿ ಗೇಟ್ ಅಂಗಡಿಯ ಗ್ರಾಹಕರಿಗೆ ಪತ್ರ

ಗ್ರಾಹಕರಿಗೆ ನಮಸ್ಕಾರ.

ಇಲ್ಲಿಯವರೆಗೆ ನೀವು ಫೋನ್ ಕೊಟ್ಟರೆ ನಮ್ಮ ಗೂಗಲ್ ಖಾತೆಯಿಂದ ಹಣ ಕಟ್ಟಿ ಜೆಮ್ಸ್ (ಆಟದೊಳಗಿನ ಹಣ) ಅಥವಾ ಗೋಲ್ಡ್ ಪಾಸ್ (ಹೆಚ್ಚಿನ ಬಹುಮಾನ ಕೊಡುವ ತಿಂಗಳ ಪಾಸ್) ಹಾಕಿಕೊಡುತ್ತಿದ್ದೆವು. ಮುಂದಿನ ತಿಂಗಳ 1ರಿಂದ ಅದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ಪ್ಲೇ ಸ್ಟೋರ್‌ನಲ್ಲಿ ಹಣದಂತೆ ಬಳಸುವ ಗೂಗಲ್ ಪ್ಲೇ ಕೋಡ್ ಮಾತ್ರ ಕೊಡುತ್ತೇವೆ, ಅದನ್ನು ನೀವೇ ನಿಮ್ಮ ಖಾತೆಗೆ ಹಾಕಿಕೊಳ್ಳಬೇಕು. ಒಂದೊಂದು ಟಾಪ್‌ಅಪ್‌ಗೆ ತೆಗೆದುಕೊಳ್ಳುತ್ತಿದ್ದ 20 ರೂಪಾಯಿ ಶುಲ್ಕವೂ ಹೋಯಿತು. 500ರ ಕೋಡ್‌ಗೆ 500 ರೂಪಾಯಿ, ಅಷ್ಟೇ. ನಮ್ಮಲ್ಲಿ ಮುಂಗಡ ಕೊಟ್ಟು ಬಾಕಿ ಉಳಿಸಿಕೊಂಡವರು ಚೀಟಿ ತಂದು ಪೂರ್ತಿ ಹಣ ವಾಪಸ್ ಪಡೆಯಬಹುದು.

ಕಾರಣ ಇಷ್ಟು. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್, ಕ್ಲ್ಯಾಶ್ ರಾಯಲ್‌ನಂಥ ಆಟಗಳಲ್ಲಿ ನೀವು ಆಟದಲ್ಲಿ ಕಟ್ಟಿದ ಹಳ್ಳಿ, ಕೂಡಿಸಿದ ಕಾರ್ಡು ಯಾವುದೂ ಫೋನಿನೊಳಗೆ ಇರುವುದಿಲ್ಲ. ಎಲ್ಲವೂ ಅವನ್ನು ತಯಾರಿಸಿದ ಹೆಲ್ಸಿಂಕಿಯ ಸೂಪರ್‌ಸೆಲ್ ಕಂಪನಿಯ ಸರ್ವರ್‌ನಲ್ಲಿ ಇರುತ್ತದೆ. ಆಟ ನಿಮ್ಮದು ಎನ್ನುವುದಕ್ಕೆ ಮುಖ್ಯ ಸಾಕ್ಷಿ ಎರಡು: ಆಟಕ್ಕೆ ಜೋಡಿಸಿದ ಇಮೇಲ್ ಮತ್ತು ಹಣ ಕಟ್ಟಿದ ರಸೀದಿ. ನಾವು ಕಟ್ಟಿದರೆ ಆ ರಸೀದಿ ನಮ್ಮ ಇಮೇಲ್‌ಗೆ ಬರುತ್ತದೆ. ನಾಳೆ ಖಾತೆ ಕೈತಪ್ಪಿ, ಕಂಪನಿಯ ಸಪೋರ್ಟ್‌ನವರು ಖರೀದಿಯ ವಿವರ ಕೇಳಿದರೆ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ರೀಫಂಡ್ ಕೇಳುವುದೂ ಹಣ ಕಟ್ಟಿದ ಖಾತೆಯಿಂದಲೇ ಆಗಬೇಕು. ಅದಲ್ಲದೆ ಒಂದೇ ಖಾತೆಯಿಂದ ಹತ್ತಾರು ಫೋನುಗಳಲ್ಲಿ ಖರೀದಿ ನಡೆದರೆ ಗೂಗಲ್‌ಗೆ ಅನುಮಾನ ಬಂದು ಪಾವತಿ ತಡೆಹಿಡಿಯಬಹುದು. ಆಗ ಸರತಿಯಲ್ಲಿರುವ ಎಲ್ಲರ ಟಾಪ್‌ಅಪ್ ನಿಂತುಹೋಗುತ್ತದೆ.

ಕೋಡ್ ಹಾಕುವುದು ಸುಲಭ. ಪ್ಲೇ ಸ್ಟೋರ್ ತೆರೆದು ಮೇಲೆ ಬಲಗಡೆಯ ಪ್ರೊಫೈಲ್ ಚಿತ್ರ ಒತ್ತಿ. ಅಲ್ಲಿ ಕಾಣುವ ಇಮೇಲ್ ನಿಮ್ಮದೇ ತಾನೆ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಒಮ್ಮೆ ಬೇರೆ ಖಾತೆಗೆ ಬಿದ್ದ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸಲು ಬರುವುದಿಲ್ಲ, ನಾವೂ ವಾಪಸ್ ಪಡೆಯಲಾಗದು. ಆಮೇಲೆ ‘ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್’, ಅದರೊಳಗೆ ‘ರಿಡೀಮ್ ಕೋಡ್’. ಕೋಡ್ ಕೆರೆಯುವಾಗ ಉಗುರು ಬಳಸಬೇಡಿ, ಅಕ್ಷರ ಅಳಿಸಿಹೋದೀತು, ನಾಣ್ಯದ ಅಂಚಿನಿಂದ ಮೆಲ್ಲಗೆ ಉಜ್ಜಿ. ಗಲ್ಫ್‌ನಲ್ಲಿದ್ದು ಬಂದವರ ಪ್ಲೇ ಖಾತೆಯ ದೇಶ ಇನ್ನೂ ಅಲ್ಲಿಯದೇ ಆಗಿದ್ದರೆ ಭಾರತದ ಕೋಡ್ ನಡೆಯುವುದಿಲ್ಲ. ದೇಶವನ್ನು ವರ್ಷಕ್ಕೆ ಒಮ್ಮೆ ಮಾತ್ರ ಬದಲಿಸಬಹುದು. ಐಫೋನ್‌ಗೂ ಈ ಕೋಡ್ ಆಗದು.

ಹೆಚ್ಚಿನ ತಪ್ಪು ಆಗುವುದು ಕೋಡ್ ಹಾಕಿದ ಮೇಲೆ. ಜೆಮ್ಸ್ ಬೀಳುವುದು ಆ ಕ್ಷಣಕ್ಕೆ ಫೋನಿನಲ್ಲಿ ತೆರೆದಿರುವ ಹಳ್ಳಿಗೆ. ಅಣ್ಣನ ಹಳ್ಳಿ ತೆರೆದಿದ್ದರೆ ಅಣ್ಣನಿಗೇ ಹೋಯಿತು, ಕಂಪನಿ ಅದನ್ನು ಬದಲಿಸಿಕೊಡುವುದಿಲ್ಲ. ಖರೀದಿ ಗುಂಡಿ ಒತ್ತುವ ಮುಂಚೆ ಆಟದೊಳಗಿನ ಹೆಸರು ಓದಿಕೊಳ್ಳಿ. ಹಣ ಕಡಿತವಾಗಿ ಜೆಮ್ಸ್ ಬರದಿದ್ದರೆ ತಕ್ಷಣ ಎರಡನೇ ಸಲ ಕಟ್ಟಬೇಡಿ. ಆಟ ಮುಚ್ಚಿ ಮತ್ತೆ ತೆರೆಯಿರಿ, ಸ್ವಲ್ಪ ಕಾಯಿರಿ. ಆಗಲೂ ಬರದಿದ್ದರೆ ರಸೀದಿಯ ಮೇಲ್‌ನಲ್ಲಿ ಜಿಪಿಎ ಎಂದು ಶುರುವಾಗುವ ಆರ್ಡರ್ ಸಂಖ್ಯೆ ಇರುತ್ತದೆ, ಅದನ್ನು ಆಟದ ಸಪೋರ್ಟ್‌ಗೆ ಕಳಿಸಿ. ಮಗು ಗೊತ್ತಿಲ್ಲದೆ ಒತ್ತಿಬಿಟ್ಟಿದ್ದರೆ 48 ಗಂಟೆಯೊಳಗೆ ಗೂಗಲ್‌ಗೆ ರೀಫಂಡ್ ಅರ್ಜಿ ಹಾಕಿ. ಮುಂದೆ ಹೀಗಾಗದಂತೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಇಟ್ಟುಕೊಳ್ಳಿ. ಹೆತ್ತವರಿಗೆ ಇದನ್ನು ನಾವೇ ಕೌಂಟರ್‌ನಲ್ಲಿ ಮಾಡಿ ತೋರಿಸುತ್ತೇವೆ.

ಅರ್ಧ ಬೆಲೆಗೆ ಜೆಮ್ಸ್ ಕೊಡುತ್ತೇವೆ ಎನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ಕದ್ದ ಕಾರ್ಡ್‌ನಿಂದ ಕೊಳ್ಳುವುದು, ಇಲ್ಲವೇ ಕೊಂಡ ಮೇಲೆ ರೀಫಂಡ್ ಎಳೆದುಕೊಳ್ಳುವುದು, ಹೀಗೆಯೇ ಆ ಬೆಲೆ ಹುಟ್ಟುವುದು. ಹಣ ವಾಪಸ್ ಹೋದ ಕೂಡಲೇ ಕಂಪನಿ ಜೆಮ್ಸ್ ಕಿತ್ತುಕೊಳ್ಳುತ್ತದೆ. ಆಗಲೇ ಖರ್ಚು ಮಾಡಿದ್ದರೆ ಲೆಕ್ಕ ಸೊನ್ನೆಗಿಂತ ಕೆಳಗಿಳಿಯುತ್ತದೆ, ಖಾತೆಯೇ ಶಾಶ್ವತವಾಗಿ ಮುಚ್ಚಬಹುದು. ವರ್ಷಗಟ್ಟಲೆ ಕಟ್ಟಿದ ಹಳ್ಳಿ ಹೀಗೆ ಹೋಗುವುದು ನಮಗೆ ನಿಜಕ್ಕೂ ಬೇಸರದ ವಿಷಯ. ಹಣ ಹಾಕುವುದಿದ್ದರೆ ಕೊನೆಯವರೆಗೂ ಉಳಿಯುವ ಬಿಲ್ಡರ್‌ಗೆ (ಹಳ್ಳಿಯಲ್ಲಿ ಕಟ್ಟಡ ಕಟ್ಟುವ ಕೆಲಸಗಾರ) ಹಾಕಿ. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನಲ್ಲಿ ಸೈನ್ಯದ ತರಬೇತಿಗೆ ಕಾಯುವ ಸಮಯವನ್ನು 2025ರ ಮಾರ್ಚ್ ಅಪ್‌ಡೇಟ್‌ನಲ್ಲೇ ತೆಗೆದಿದ್ದಾರೆ, ಅದಕ್ಕೆ ಜೆಮ್ಸ್ ಬೇಕಿಲ್ಲ.

ರಮ್ಮಿಯಂಥ ಹಣದ ಆಟಗಳಿಗೆ ನಾವು ಯಾವ ಸೇವೆಯನ್ನೂ ಕೊಡುವುದಿಲ್ಲ. ಅವನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ.

ರಿಪೇರಿಗೆ ಫೋನ್ ಕೊಡುವವರಿಗೂ ಒಂದು ಮಾತು. ಬೋರ್ಡ್ ಬದಲಿಸಿದರೆ ಅಥವಾ ರೀಸೆಟ್ ಮಾಡಿದರೆ ಇಮೇಲ್ ಜೋಡಿಸದ ಆಟ ಮರಳಿ ಸಿಗುವುದು ಕಷ್ಟ. ಕೊಡುವ ಮುಂಚೆ ಆಟದ ಸೆಟ್ಟಿಂಗ್ಸ್‌ನಲ್ಲಿ, ಆಟವನ್ನು ಇಮೇಲ್‌ಗೆ ಜೋಡಿಸುವ ಸೂಪರ್‌ಸೆಲ್ ಐಡಿ ಮಾಡಿಕೊಳ್ಳಿ. ನೀವು ಇಂದಿಗೂ ತೆರೆಯಬಲ್ಲ ಇಮೇಲ್ ಕೊಡಿ, ಕಾಲೇಜು ಬಿಟ್ಟ ಮೇಲೆ ಮುಚ್ಚಿಹೋಗುವ ಕಾಲೇಜು ಇಮೇಲ್ ಬೇಡ. ನಿಮ್ಮ ಇಮೇಲ್‌ಗೆ ಬರುವ 6 ಅಂಕಿಯ ಕೋಡನ್ನು ಯಾರಿಗೂ ಹೇಳಬೇಡಿ, ನಮ್ಮ ಹುಡುಗರು ಕೇಳಿದರೂ ಸಹ.

ಮೊದಲ ಎರಡು ವಾರ ಸಂಜೆ 5ರಿಂದ 8ರವರೆಗೆ ಒಬ್ಬರು ಇದಕ್ಕೆಂದೇ ಕೌಂಟರ್‌ನಲ್ಲಿ ಇರುತ್ತಾರೆ. ಫೋನ್ ನಿಮ್ಮ ಕೈಯಲ್ಲೇ ಇರಲಿ, ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾರೆ.

ಇಂತಿ,
ಮೊಬೈಲ್ ಸರ್ವಿಸ್ ಮತ್ತು ರೀಚಾರ್ಜ್ ಅಂಗಡಿ,
ಗುಬ್ಬಿ ಗೇಟ್, ತುಮಕೂರು